ಮುಗಿಯದ ಲಿಪ್‌ಸ್ಟಿಕ್‌ಗಳು

ಮಾಮೂಲಿ ಲಿಪ್‌ಸ್ಟಿಕ್ ಒಂದರಲ್ಲಿ ಇರುವುದು ಮೂರೂವರೆ ಗ್ರಾಂ ಆಸುಪಾಸಿನ ಬಣ್ಣ. ಒಂದು ಟೀ ಚಮಚ ತುಂಬುವಷ್ಟೂ ಇಲ್ಲ. ದಿನವೂ ಹಚ್ಚಿಕೊಳ್ಳುವವರು ಅದರಲ್ಲಿ ಎಷ್ಟನ್ನು ಖರ್ಚು ಮಾಡುತ್ತಾರೆ? ಅಮೆರಿಕದ ಕೆಲವು ಸಂಶೋಧಕರು ಮಹಿಳೆಯರು ಬಳಸುವ ಲಿಪ್‌ಸ್ಟಿಕ್‌ಗಳನ್ನು ಮೊದಲೂ ಆಮೇಲೂ ತೂಗಿ ನೋಡಿ, ಉತ್ತರವನ್ನು 2005ರಲ್ಲಿ ಪ್ರಕಟಿಸಿದರು. ಒಂದು ಸಲ ಹಚ್ಚಿದರೆ ಸರಾಸರಿ 10 ಮಿಲಿಗ್ರಾಂ, ದಿನವೊಂದಕ್ಕೆ ಸರಾಸರಿ 24 ಮಿಲಿಗ್ರಾಂ. ಈ ಲೆಕ್ಕದಲ್ಲಿ ಒಂದೂ ದಿನ ತಪ್ಪಿಸದೆ ಹಚ್ಚಿದರೆ ಒಂದು ಲಿಪ್‌ಸ್ಟಿಕ್ ಐದು ತಿಂಗಳು ಬರುತ್ತದೆ. ಡ್ರೆಸ್ಸಿಂಗ್ ಟೇಬಲ್ಲಿನ ಡ್ರಾಯರಿನಲ್ಲಿ ಮೂವತ್ತು ಲಿಪ್‌ಸ್ಟಿಕ್ ಇಟ್ಟುಕೊಂಡವರಿಗೆ ಅದು ಹನ್ನೆರಡು ವರ್ಷದ ದಾಸ್ತಾನು. ಅಷ್ಟು ವರ್ಷ ಅದರೊಳಗಿನ ಎಣ್ಣೆ ಕೆಡದೆ ಕಾಯುವುದಿಲ್ಲ. ತೆರೆದ ಎರಡು ಮೂರು ವರ್ಷಕ್ಕೆಲ್ಲ ಹಳೆಯ ಕೊಬ್ಬರಿಯಂಥ ಮುಗ್ಗಲು ವಾಸನೆ ಶುರುವಾಗುತ್ತದೆ.

ಹೀಗಾಗಿ ಇವತ್ತು ಅನೇಕರು ಮಾಡುತ್ತಿರುವ ಒಂದು ಕೆಲಸವಿದೆ. ಹೊಸದನ್ನು ಕೊಳ್ಳುವುದನ್ನು ನಿಲ್ಲಿಸಿ, ಇರುವುದನ್ನು ಮುಗಿಸುವುದು. ಮೂಲೆಗೆ ಬಿದ್ದ ಬಣ್ಣಗಳನ್ನು ಹೊರತೆಗೆದು ಒಂದರ ಮೇಲೊಂದು ಹಚ್ಚುವುದು, ಕರಗಿಸಿ ಬೆರೆಸುವುದು, ಕೆನ್ನೆಗೆ ಬಳಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರಾಜೆಕ್ಟ್ ಪ್ಯಾನ್’ ಎಂಬ ಹೆಸರೂ ಇದೆ. ಪೌಡರು ಸವೆದು ತಳದ ತಗಡು ಕಾಣುವವರೆಗೆ ಬಳಸುವುದು ಎಂದು ಅರ್ಥ. ಒಂದು ಪದಾರ್ಥವನ್ನು ಮುಗಿಸುವುದೇ ಸಾಧನೆಯಾಗಿ, ಅದಕ್ಕೊಂದು ಯೋಜನೆಯ ಹೆಸರು ಬಂದದ್ದು ವಿಚಿತ್ರ ಬೆಳವಣಿಗೆ. ಹುಣಸೆಹಣ್ಣನ್ನೋ ಸೋಪನ್ನೋ ಮುಗಿಸಿದ್ದಕ್ಕೆ ಯಾರೂ ಬೆನ್ನು ತಟ್ಟಿಕೊಳ್ಳುವುದಿಲ್ಲ. ಲಿಪ್‌ಸ್ಟಿಕ್ ಮಾತ್ರ ಮುಗಿಯದ ವಸ್ತು ಆದದ್ದು ಯಾವಾಗ?

ತುಟಿಯ ಬಣ್ಣ ಹಳೆಯದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ ಬೆಳಗಿನ ದಿನಚರಿ ಬರುತ್ತದೆ. ಪೇಟೆಯ ಆ ಶೋಕಿಲಾಲ ಹಲ್ಲುಜ್ಜಿ, ಗಂಧ ಪೂಸಿಕೊಂಡು, ಸಿಕ್ಥಕವನ್ನೂ ಅಲಕ್ತಕವನ್ನೂ ಹಚ್ಚಿಕೊಂಡು, ಕನ್ನಡಿಯಲ್ಲಿ ಮುಖ ನೋಡಿ, ತಾಂಬೂಲ ಹಾಕಿಕೊಂಡು ಹೊರಡುತ್ತಾನೆ. ಸಿಕ್ಥಕ ಎಂದರೆ ಜೇನುಮೇಣ, ಅಲಕ್ತಕ ಎಂದರೆ ಅರಗಿನ ಕೆಂಪು. ಮೇಣ ಮತ್ತು ಬಣ್ಣ ಎಂಬ ಈ ಜೋಡಿಗೆ ಒಂದಿಷ್ಟು ಎಣ್ಣೆ ಸೇರಿಸಿದರೆ ಇಂದಿನ ಲಿಪ್‌ಸ್ಟಿಕ್ಕೇ. ಹಚ್ಚಿಕೊಳ್ಳುವವನು ಗಂಡಸು ಎಂಬುದು ಬೇರೆ ಮಾತು. ಅರಗಿನ ಕೆಂಪು ಬರುವುದು ಒಂದು ಕೀಟದಿಂದ. ಯುರೋಪಿನವರು ಮೆಚ್ಚಿದ ಕಾರ್ಮೈನ್ ಕೆಂಪು ಕೂಡ ಮೆಕ್ಸಿಕೋದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಕೀಟದ್ದು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳು ಬೇಕಾಗುತ್ತಿದ್ದವು. ಇಷ್ಟು ಕಷ್ಟದ ಬಣ್ಣವನ್ನು ಕೊಂಡು ಮರೆತುಬಿಡುವವರು ಕಡಿಮೆ.

ಇನ್ನೊಂದು ಕಾರಣವೂ ಇತ್ತು, ಅದು ಪಾತ್ರೆಯದು. ತುಟಿಯ ರಂಗು ಆಗ ಬರುತ್ತಿದ್ದದ್ದು ಕುಂಕುಮದ ಭರಣಿಯಂಥ ಪುಟ್ಟ ಡಬ್ಬಿಗಳಲ್ಲಿ, ಇಲ್ಲವೇ ಕಾಗದ ಸುತ್ತಿದ ಕಡ್ಡಿಗಳಲ್ಲಿ. ಮುಚ್ಚಳ ತೆಗೆದ ಕೂಡಲೇ ಎಷ್ಟು ಉಳಿದಿದೆ ಎಂದು ಕಾಣುತ್ತಿತ್ತು. ಬೆರಳು ತಳ ಮುಟ್ಟುತ್ತಿತ್ತು. ಮುಗಿಯುವುದು ಡಬ್ಬಿಯ ಸಹಜ ಗುಣವಾಗಿತ್ತು.

ಇದನ್ನು ಬದಲಿಸಿದ್ದು ಲೋಹದ ಕೊಳವೆ. 1910ರ ದಶಕದಲ್ಲಿ ಅಮೆರಿಕದಲ್ಲಿ ಪಕ್ಕದ ಗುಂಡಿಯಿಂದ ಮೇಲೆ ತಳ್ಳುವ ಕೊಳವೆಗಳು ಬಂದವು. 1923ರಲ್ಲಿ ನ್ಯಾಶ್‌ವಿಲ್‌ನ ಜೇಮ್ಸ್ ಬ್ರೂಸ್ ಮೇಸನ್ ಜೂನಿಯರ್, ತಿರುಗಿಸಿದರೆ ಮೇಲೇಳುವ ಕೊಳವೆಗೆ ಪೇಟೆಂಟ್ ಪಡೆದ. ಪರ್ಸಿನಲ್ಲಿ ಹಾಕಿಕೊಂಡು ಹೋಗಬಹುದು, ಬೆರಳಿಗೆ ಬಣ್ಣ ಅಂಟುವುದಿಲ್ಲ. ಆಫೀಸಿಗೆ, ಸಿನಿಮಾಗೆ ಹೋಗತೊಡಗಿದ್ದ ಹೆಂಗಸರಿಗೆ ಇದು ದೊಡ್ಡ ಅನುಕೂಲ. ಆದರೆ ಈ ಕೊಳವೆಯೊಳಗೆ ಬಣ್ಣದ ಕಡ್ಡಿ ಒಂದು ಪುಟ್ಟ ಬಟ್ಟಲಲ್ಲಿ ಕಾಲೂರಿ ನಿಂತಿರುತ್ತದೆ. ಬಟ್ಟಲಿನ ಅಂಚಿನವರೆಗೆ ಸವೆದ ಮೇಲೆ ಎಷ್ಟೇ ತಿರುಗಿಸಿದರೂ ಮೇಲೆ ಬರುವುದು ಲೋಹವೇ ಹೊರತು ಬಣ್ಣವಲ್ಲ. ಒಳಗೆ ಉಳಿದದ್ದು ಕೊಂಡದ್ದರ ಕಾಲು ಭಾಗದ ಹತ್ತಿರವೂ ಇರಬಹುದು. ‘ಮುಗಿಯಿತು’ ಎಂದು ಎಸೆಯುವ ಲಿಪ್‌ಸ್ಟಿಕ್ ನಿಜಕ್ಕೂ ಮುಗಿದಿರುವುದಿಲ್ಲ.

ಆ ಕಾಲು ಭಾಗಕ್ಕೆ ಬೆಲೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ, ಬ್ರಿಟನ್ನಿನಲ್ಲಿ.

1940ರಿಂದ ಬ್ರಿಟಿಷ್ ಸರ್ಕಾರ ಸೌಂದರ್ಯವರ್ಧಕಗಳ ತಯಾರಿಕೆಯನ್ನು ಬಿಗಿಹಿಡಿಯಿತು. ಯುದ್ಧಕ್ಕೆ ಮುಂಚೆ ಎಷ್ಟು ತಯಾರಾಗುತ್ತಿತ್ತೋ ಅದರ ಕಾಲು ಭಾಗಕ್ಕೆ ಪೂರೈಕೆ ಇಳಿಯಿತು. ಕೊಬ್ಬು, ಎಣ್ಣೆ, ಗ್ಲಿಸರಿನ್, ಆಲ್ಕೋಹಾಲ್ ಎಲ್ಲವೂ ಯುದ್ಧಕ್ಕೆ ಬೇಕಿತ್ತು. ಕೊಳವೆಯ ಹಿತ್ತಾಳೆ ಗುಂಡಿನ ತೋಟಾಗಳಿಗೆ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಖರೀದಿ ತೆರಿಗೆ ಇಂಥ ‘ಶೋಕಿ’ ವಸ್ತುಗಳ ಮೇಲೆ ಬೆಲೆಯ ಮೂರನೇ ಒಂದು ಭಾಗವಿತ್ತು. 1942ರಲ್ಲಿ ಮೂರನೇ ಎರಡು ಭಾಗವಾಯಿತು, 1943ರಲ್ಲಿ ಬೆಲೆಯಷ್ಟೇ ತೆರಿಗೆಯಾಯಿತು. ಸಕ್ಕರೆ, ಬೆಣ್ಣೆ, ಬಟ್ಟೆಗಳಂತೆ ಲಿಪ್‌ಸ್ಟಿಕ್ಕಿಗೆ ರೇಷನ್ ಕೂಪನ್ ಇರಲಿಲ್ಲ. ಕೂಪನ್ ಇದ್ದಿದ್ದರೆ ಪಾಲಿನದಾದರೂ ಸಿಗುತ್ತಿತ್ತು. ಇಲ್ಲದ್ದರಿಂದ ಅಂಗಡಿಗೆ ಸರಕು ಬಂತೆಂಬ ಸುದ್ದಿ ಸಿಕ್ಕಿದವರಿಗೆ ಲಿಪ್‌ಸ್ಟಿಕ್, ಉಳಿದವರಿಗೆ ಕಾಳಸಂತೆ.

ಸರ್ಕಾರದ ನಿಲುವು ಮಾತ್ರ ಇಬ್ಬಂದಿಯದು. ಒಂದು ಕೈಯಲ್ಲಿ ಪೂರೈಕೆ ಕಡಿತ, ಇನ್ನೊಂದು ಕೈಯಲ್ಲಿ ‘ಚೆಂದವಾಗಿರುವುದೂ ಕರ್ತವ್ಯ’ ಎಂಬ ಪ್ರಚಾರ. ಕಾರ್ಖಾನೆಗಳಲ್ಲಿ ಗುಂಡು ತುಂಬುತ್ತಿದ್ದ, ಬಸ್ಸುಗಳಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸರು ಸೋತ ಮುಖದಲ್ಲಿ ಓಡಾಡಬಾರದು ಎಂಬುದು ಸರ್ಕಾರದ ಕಾಳಜಿ. ಸೈಕ್ಲಾಕ್ಸ್ ಕಂಪನಿ ಸೇನೆಯ ಸಹಾಯಕ ದಳಗಳ ಮಹಿಳೆಯರಿಗೆಂದೇ ‘ಆಕ್ಸಿಲಿಯರಿ ರೆಡ್’ ಎಂಬ ಕೆಂಪನ್ನು ಮಾರಿತು. ಅಮೆರಿಕದಲ್ಲಿ ನೌಕಾಪದಾತಿ ಪಡೆಯ ಮಹಿಳೆಯರ ಸಮವಸ್ತ್ರದ ಟೊಪ್ಪಿಯ ಕೆಂಪು ದಾರಕ್ಕೆ ಹೊಂದುವಂತೆ ಎಲಿಜಬೆತ್ ಆರ್ಡನ್ ‘ಮಾಂಟೆಜುಮಾ ರೆಡ್’ ತಯಾರಿಸಿದಳು. ಅಲ್ಲಿಯ ಸರ್ಕಾರವೂ 1942ರಲ್ಲಿ ಸೌಂದರ್ಯವರ್ಧಕಗಳಿಗೆ ಕಡಿವಾಣ ಹಾಕಲು ಹೋಗಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು.

ಬ್ರಿಟನ್ನಿನ ಮನೆಗಳಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. ಬೀಟ್‌ರೂಟ್ ರಸ ತುಟಿಗೆ ಹಚ್ಚಿ ಮೇಲೆ ವ್ಯಾಸಲೀನ್ ಸವರುವುದು, ಸುಟ್ಟ ಬಿರಡೆಯ ಮಸಿಯಿಂದ ಹುಬ್ಬು ತೀಡುವುದು, ಉದ್ದ ಕಾಲುಚೀಲ ಸಿಗದೆ ಕಾಲಿಗೆ ಅಡುಗೆಮನೆಯ ಗ್ರೇವಿಪುಡಿಯ ಬಣ್ಣ ಬಳಿಯುವುದು, ಇವೆಲ್ಲ ಆ ಕಾಲದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳ ನಡುವೆಯೇ ಲಿಪ್‌ಸ್ಟಿಕ್ ತಳಗಳ ಪುನರ್ಜನ್ಮ. ಸವೆದ ಕೊಳವೆಗಳ ಬಟ್ಟಲುಗಳನ್ನು ಕಡ್ಡಿಯಿಂದ ಕೆದಕಿ, ನಾಲ್ಕಾರರ ಉಳಿಕೆಯನ್ನು ಒಂದೆಡೆ ಸೇರಿಸಿ, ಬಿಸಿನೀರಿನ ಮೇಲೆ ಕರಗಿಸಿ, ತುಸು ಬಾದಾಮಿ ಎಣ್ಣೆ ಬೆರೆಸಿ ಪುಟ್ಟ ಡಬ್ಬಿಗೆ ಹುಯ್ಯುವುದು. ಕೊಳವೆ ಬರುವ ಮುಂಚಿನ ಡಬ್ಬಿಯ ರಂಗಿಗೆ ಹೀಗೆ ತಿರುಗಿ ಹೋದಂತಾಯಿತು.

ಆಗ ಈ ಬೆರಕೆ ಕೈಕೊಡದಿರಲು ಕಾರಣವಿದೆ. ಅಂದಿನ ಬಣ್ಣಗಳಲ್ಲಿ ಬಹುಪಾಲು ಕೆಂಪಿನ ಬಳಗದವೇ. ನಾಲ್ಕು ಕೆಂಪು ಸೇರಿದರೆ ಐದನೆಯ ಕೆಂಪು. ಇಂದಿನ ಡ್ರಾಯರಿನ ತಿಳಿಗುಲಾಬಿ, ನೇರಳೆ, ಚಾಕೊಲೇಟ್ ಕಂದು, ಮಿನುಗುಪುಡಿಯದು ಎಲ್ಲವನ್ನೂ ಒಟ್ಟಿಗೆ ಕರಗಿಸಿ ನೋಡಿ. ಬರುವುದು ಕೆಸರಿನ ಬಣ್ಣ.

ಇದೇ ಯುದ್ಧದ ಕೊನೆಯಲ್ಲಿ ಯಾರೂ ಕೇಳದ ಒಂದು ರಾಶಿ ಲಿಪ್‌ಸ್ಟಿಕ್ ಬಂದಿಳಿದ ಪ್ರಸಂಗವೂ ಇದೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಸೆರೆಶಿಬಿರದೊಳಕ್ಕೆ ಕಾಲಿಟ್ಟಿತು. ಸುಮಾರು 60,000 ಜನ ಜೀವಂತವಿದ್ದರು, ಹೂಳದ ಹೆಣಗಳು ಸಾವಿರಗಟ್ಟಲೆ ಇದ್ದವು. ಬಿಡುಗಡೆಯಾದ ಮೇಲೂ ಟೈಫಸ್ಸಿನಿಂದ, ಹಸಿವಿನಿಂದ ದಿನಕ್ಕೆ ನೂರಾರು ಜನ ಸಾಯುತ್ತಿದ್ದರು. ಅಲ್ಲಿ ವೈದ್ಯಕೀಯ ದಳವೊಂದರ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಕರ್ನಲ್ ಗೊನಿನ್ ಬರೆದಿಟ್ಟ ವೃತ್ತಾಂತ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಅವರಿಗೆ ನೂರೆಂಟು ವಸ್ತುಗಳು ತುರ್ತಾಗಿ ಬೇಕಿದ್ದವು. ಬಂದದ್ದು ಲಿಪ್‌ಸ್ಟಿಕ್, ಅದೂ ಹೇರಳವಾಗಿ. ಯಾರು ಕೇಳಿದ್ದರೆಂದೂ ಅವರಿಗೆ ಗೊತ್ತಾಗಲಿಲ್ಲ. ಗಂಡಸರಾದ ತಮಗೆಲ್ಲ ಇದು ಬೇಡದ ಸರಕೆಂದೇ ಮೊದಲು ತೋರಿತು ಎಂದು ಗೊನಿನ್ ಒಪ್ಪಿಕೊಳ್ಳುತ್ತಾರೆ. ಆಮೇಲೆ ಕಂಡದ್ದನ್ನು ಬರೆಯುತ್ತಾರೆ. ಹಾಸಿಗೆಗೆ ಹೊದಿಕೆಯಿಲ್ಲ, ಮೈಗೆ ಬಟ್ಟೆಯಿಲ್ಲ, ಆದರೆ ತುಟಿ ಕೆಂಪಗಿರುವ ಹೆಂಗಸರು. ಭುಜದ ಮೇಲೊಂದು ಕಂಬಳಿ ಬಿಟ್ಟರೆ ಏನೂ ಇಲ್ಲದೆ, ತುಟಿಗೆ ಬಣ್ಣ ಹಚ್ಚಿಕೊಂಡು ಓಡಾಡುವವರು. ಶವಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದ್ದ ಒಬ್ಬಾಕೆಯ ಮುಷ್ಟಿಯಲ್ಲಿ ಲಿಪ್‌ಸ್ಟಿಕ್ಕಿನ ತುಂಡು. ತೋಳಿನ ಮೇಲಿನ ಹಚ್ಚೆಯ ಸಂಖ್ಯೆಗಳಾಗಿದ್ದವರನ್ನು ಆ ಲಿಪ್‌ಸ್ಟಿಕ್ ಮತ್ತೆ ಮನುಷ್ಯರನ್ನಾಗಿಸಿತು ಎಂಬುದು ಗೊನಿನ್ ಅವರ ಮಾತಿನ ಸಾರ. ಬಣ್ಣ ಯಾವುದು, ಯಾರ ಚರ್ಮಕ್ಕೆ ಯಾವುದು ಒಪ್ಪುತ್ತದೆ ಎಂದು ಅಲ್ಲಿ ಯಾರೂ ಆರಿಸಲಿಲ್ಲ.

ಆರಿಸುವ ಕಾಲ ಯುದ್ಧದ ಬೆನ್ನಿಗೇ ಬಂತು. ಅದನ್ನು ತಂದವರಲ್ಲಿ ಇಬ್ಬರು ಮುಖ್ಯರು. ಒಬ್ಬಾಕೆ ರಸಾಯನಶಾಸ್ತ್ರಜ್ಞೆ, ಇನ್ನೊಬ್ಬ ವ್ಯಾಪಾರಿ.

ನ್ಯೂಯಾರ್ಕಿನ ಹೇಝೆಲ್ ಬಿಷಪ್ ಹಗಲು ತೈಲ ಕಂಪನಿಯ ಪ್ರಯೋಗಾಲಯದಲ್ಲಿ ದುಡಿದು, ರಾತ್ರಿ ತನ್ನ ಅಡುಗೆಮನೆಯಲ್ಲಿ ಮೇಣ, ಎಣ್ಣೆ, ಬಣ್ಣಗಳನ್ನು ಕುದಿಸುತ್ತಿದ್ದಳು. ಬಟ್ಟಲಿಗೂ ಅಂಗಿಯ ಕಾಲರಿಗೂ ಅಂಟದ ಲಿಪ್‌ಸ್ಟಿಕ್ ಅವಳ ಗುರಿ. 309 ಪ್ರಯೋಗಗಳಾದ ಮೇಲೆ, ತುಟಿಯ ಚರ್ಮಕ್ಕೇ ಹಿಡಿಯುವ ಬಣ್ಣ ಸಿಕ್ಕಿತು. 1950ರಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂದ ಸರಕು ಮೊದಲ ದಿನವೇ ಖಾಲಿ. ಮಾರಾಟ ಏರಿದಂತೆ ಕಂಪನಿ ಅವಳ ಕೈತಪ್ಪಿತು. ಜಾಹೀರಾತಿನವನೊಂದಿಗೆ ಕೋರ್ಟಿಗೆ ಹೋಗಿ, 1954ರಲ್ಲಿ ರಾಜಿಯಾಗಿ, ತನ್ನ ಹೆಸರನ್ನೇ ಬಿಟ್ಟುಕೊಟ್ಟು ಹೊರಬಂದಳು. ಆದರೆ ಅವಳ ಆವಿಷ್ಕಾರ ಉಳಿಯಿತು, ಎಲ್ಲರೂ ನಕಲು ಮಾಡಿದರು. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ನಿಂತರೆ ದಿನಕ್ಕೆ ನಾಲ್ಕು ಸಲ ಹಚ್ಚುವ ಅಗತ್ಯವಿಲ್ಲ. ಹಾಗಾದರೆ ಲಿಪ್‌ಸ್ಟಿಕ್ ಬೇಗ ಮುಗಿಯುವುದೂ ಇಲ್ಲ. ಬೇಗ ಮುಗಿಯದ ವಸ್ತುವನ್ನು ಮತ್ತೆ ಮತ್ತೆ ಮಾರುವುದು ಹೇಗೆ?

ಉತ್ತರ ರೆವ್ಲಾನ್‌ನ ಚಾರ್ಲ್ಸ್ ರೆವ್ಸನ್ ಬಳಿ ಮೊದಲೇ ಇತ್ತು. 1932ರಲ್ಲಿ ಉಗುರುಬಣ್ಣದಿಂದ ಶುರುಮಾಡಿದ ಕಂಪನಿ ಅದು. ಉಗುರಿಗೂ ತುಟಿಗೂ ಒಂದೇ ಬಣ್ಣವಿರಬೇಕೆಂದು ಹೇಳಿ ಲಿಪ್‌ಸ್ಟಿಕ್ಕಿಗೆ ಇಳಿಯಿತು. ವರ್ಷಕ್ಕೆ ಎರಡು ಸಲ, ವಸಂತಕ್ಕೊಂದು ಶರತ್ಕಾಲಕ್ಕೊಂದು ಎಂದು ಹೊಸ ಬಣ್ಣ ಬಿಡುಗಡೆ ಮಾಡತೊಡಗಿತು. ಸೀರೆಯಂತೆ, ಟೊಪ್ಪಿಯಂತೆ ಲಿಪ್‌ಸ್ಟಿಕ್ಕೂ ಹಳತಾಗಬಹುದು, ಮುಗಿಯುವ ಮುಂಚೆಯೇ ಹಳತಾಗಬಹುದು. 1952ರಲ್ಲಿ ‘ಫೈರ್ ಅಂಡ್ ಐಸ್’ ಬಂತು. ರಿಚರ್ಡ್ ಆವೆಡನ್ ತೆಗೆದ ಚಿತ್ರ, ರೂಪದರ್ಶಿ ಡೋರಿಯನ್ ಲೀ, ಪಕ್ಕದ ಪುಟದಲ್ಲಿ ‘ನೀವು ಈ ಬಣ್ಣಕ್ಕೆ ತಕ್ಕವರೇ?’ ಎಂದು ಪರೀಕ್ಷಿಸುವ ಪ್ರಶ್ನಾವಳಿ. ಲಿಪ್‌ಸ್ಟಿಕ್ ಎಷ್ಟು ದಿನ ಬರುತ್ತದೆ ಎಂಬ ಮಾತೇ ಅಲ್ಲಿ ಇಲ್ಲ.

ಹೆಸರಿನ ವಿಷಯದಲ್ಲಿ ತುಸು ನಿಲ್ಲಬೇಕು. ಕನ್ನಡದಲ್ಲಿ ಬಣ್ಣದ ಹೆಸರುಗಳು ಹುಲುಸಾಗಿ ಬೆಳೆದದ್ದು ಸೀರೆಯ ಅಂಗಡಿಯಲ್ಲಿ. ಗಿಳಿಹಸಿರು, ಕನಕಾಂಬರ, ಈರುಳ್ಳಿ ಬಣ್ಣ, ಮೆಂತ್ಯದ ಬಣ್ಣ, ಮಾವಿನ ಚಿಗುರು. ಹೆಸರು ಕೇಳಿದರೆ ಸಾಕು, ಕಣ್ಣಿಗೆ ಬಣ್ಣ ಬರುತ್ತದೆ, ಮನೆಯ ಬೀರುವಿನಲ್ಲಿ ಅದು ಈಗಾಗಲೇ ಇದೆಯೇ ಎಂದೂ ನೆನಪಾಗುತ್ತದೆ. ‘ಬೆಂಕಿ ಮತ್ತು ಮಂಜುಗಡ್ಡೆ’ ಎಂದರೆ ಯಾವ ಬಣ್ಣ? ಹೆಸರು ಬಣ್ಣವನ್ನು ಸೂಚಿಸುವುದನ್ನು ಬಿಟ್ಟು ಮನಸ್ಸಿನ ಸ್ಥಿತಿಯನ್ನು ಸೂಚಿಸತೊಡಗಿದಾಗ, ಒಂದೇ ಕೆಂಪನ್ನು ಏಳು ಹೆಸರಿನಲ್ಲಿ ಕೊಳ್ಳಲು ದಾರಿಯಾಯಿತು. ಇಂದು ಯಾರಾದರೂ ತಮ್ಮ ಲಿಪ್‌ಸ್ಟಿಕ್‌ಗಳನ್ನೆಲ್ಲ ಹೊರಗಿಟ್ಟು ಒಂದೊಂದೇ ಗೆರೆ ಬಿಳಿ ಕಾಗದದ ಮೇಲೆ ಎಳೆದು ನೋಡಿದರೆ ಬೇಸ್ತು ಬೀಳುವುದು ಇಲ್ಲಿಯೇ. ಹದಿನೈದು ಹೆಸರು, ಬಣ್ಣ ನಾಲ್ಕೋ ಐದೋ.

ಅದೇ 1952ರಲ್ಲಿ ಮುಂಬೈಯಲ್ಲಿ ಲ್ಯಾಕ್ಮೆ ಹುಟ್ಟಿತು. ವಿದೇಶಿ ಸೌಂದರ್ಯವರ್ಧಕಗಳಿಗಾಗಿ ದೇಶದ ವಿದೇಶಿ ವಿನಿಮಯ ಸೋರಿಹೋಗುತ್ತಿದೆ, ಇಲ್ಲೇ ತಯಾರಿಸಿ ಎಂದು ನೆಹರೂ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಸೂಚಿಸಿದರು ಎಂಬುದು ಎಲ್ಲರೂ ಹೇಳುವ ಕಥೆ. ಟಾಟಾ ಆಯಿಲ್ ಮಿಲ್ಸ್ ಕಂಪನಿಯ ಅಂಗವಾಗಿ, ಫ್ರೆಂಚ್ ಸಂಸ್ಥೆಗಳ ಸಹಯೋಗದಲ್ಲಿ ಅದು ಶುರುವಾಯಿತು. ಹೆಸರು ಲಿಯೋ ದೆಲಿಬ್‌ನ ಫ್ರೆಂಚ್ ಸಂಗೀತನಾಟಕದ್ದು. ಆ ನಾಟಕದ ನಾಯಕಿ ಲ್ಯಾಕ್ಮೆ ಮೂಲದಲ್ಲಿ ನಮ್ಮ ಲಕ್ಷ್ಮಿಯೇ, ಪ್ಯಾರಿಸ್ಸಿಗೆ ಹೋಗಿ ಉಚ್ಚಾರಣೆ ಬದಲಿಸಿಕೊಂಡು ಮರಳಿದವಳು. 1961ರಲ್ಲಿ ಕಂಪನಿಗೆ ಬಂದ ಜಿನೀವಾ ಮೂಲದ ಸಿಮೋನ್ ಟಾಟಾ ಅದನ್ನು ಮನೆಮಾತಾಗಿಸಿದರು.

ರೆವ್ಸನ್‌ನ ಋತುಮಾನದ ಆಟ ಇಲ್ಲಿ ದಶಕಗಳ ಕಾಲ ನಡೆಯಲಿಲ್ಲ. ವಿದೇಶಿ ಸರಕಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು, ಸ್ವದೇಶಿ ಸರಕಿನ ಮೇಲೆ ಅಬಕಾರಿ ಸುಂಕ ಭಾರಿಯಿತ್ತು, ‘ಒಳ್ಳೆ ಮನೆಯ’ ಹೆಣ್ಣುಮಕ್ಕಳು ಲಿಪ್‌ಸ್ಟಿಕ್ ಹಚ್ಚುವುದಿಲ್ಲ ಎಂಬ ಮಾತು ಬೇರೆ. ಹಾಗಾಗಿ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಲಿಪ್‌ಸ್ಟಿಕ್. ಅಕ್ಕ, ತಂಗಿ, ಅತ್ತಿಗೆ ಮೂವರಿಗೂ ಅದೇ. ಮದುವೆಗೆ ಅದೇ, ಫೋಟೋ ಸ್ಟುಡಿಯೋಗೆ ಅದೇ, ಮಗಳ ಶಾಲೆಯ ನೃತ್ಯಕ್ಕೆ ತುಟಿ, ಕೆನ್ನೆ, ಹಣೆಯ ಬೊಟ್ಟು ಎಲ್ಲಕ್ಕೂ ಅದೇ. ಬಣ್ಣ ಬಟ್ಟಲಿಗಿಳಿದ ಮೇಲೆ ಬೆಂಕಿಕಡ್ಡಿಯೋ ಹೇರ್‌ಪಿನ್ನೋ ಹಾಕಿ ಕೆದಕುತ್ತಿದ್ದರು. ಯುದ್ಧಕಾಲದ ಲಂಡನ್ನಿನ ಜಾಣ್ಮೆಯನ್ನು ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1991ರ ಉದಾರೀಕರಣದ ನಂತರ ರೆವ್ಲಾನ್ ಭಾರತಕ್ಕೆ ಬಂತು, ಬೇರೆಯವರೂ ಬಂದರು, ಲ್ಯಾಕ್ಮೆ ಹಿಂದೂಸ್ತಾನ್ ಲೀವರ್‌ನ ಪಾಲಾಯಿತು. ಒಂದೇ ಲಿಪ್‌ಸ್ಟಿಕ್ಕಿನ ಮನೆಯಲ್ಲಿ ಬೆಳೆದವಳು ಮೊದಲ ಸಂಬಳದಲ್ಲಿ ನಾಲ್ಕು ಕೊಂಡರೆ ಅದನ್ನು ದುಂದು ಎನ್ನುವುದು ಸುಲಭ, ನ್ಯಾಯವಲ್ಲ. ತನ್ನದೇ ಎನ್ನುವ ಒಂದು ಬಣ್ಣ ಇರುವುದರ ರುಚಿ ಬೇರೆ.

ನಾಲ್ಕು ನಲವತ್ತಾದದ್ದು ಆನ್‌ಲೈನ್ ಖರೀದಿ, ಮೊಬೈಲಿನ ವಿಡಿಯೋಗಳು ಬಂದ ಮೇಲೆ. 2015ರ ಹೊತ್ತಿಗೆ ದ್ರವರೂಪದ ಮ್ಯಾಟ್ ಲಿಪ್‌ಸ್ಟಿಕ್‌ಗಳ ಹುಚ್ಚು ಹತ್ತಿತು. ಆ ವರ್ಷ ಕೈಲಿ ಜೆನ್ನರ್ ಬಿಡುಗಡೆ ಮಾಡಿದ 29 ಡಾಲರಿನ ‘ಲಿಪ್ ಕಿಟ್’ ನಿಮಿಷಗಳಲ್ಲಿ ಖಾಲಿಯಾಯಿತು. ಹೇಝೆಲ್ ಬಿಷಪ್‌ಳ ಕನಸಿನ ಪರಮಾವಧಿ ಈ ದ್ರವ. ಊಟ ಮಾಡಿದರೂ ಅಳಿಸುವುದಿಲ್ಲ. ಆದರೆ ಮೂಲೆಗೆ ಬಿದ್ದಾಗ ಇದರಷ್ಟು ನಿರುಪಯೋಗಿ ಇನ್ನೊಂದಿಲ್ಲ. ತುಟಿಯ ಮೇಲೆ ಒಣಗಲೆಂದೇ ಅದರಲ್ಲಿ ಆವಿಯಾಗುವ ದ್ರಾವಕ ಇರುತ್ತದೆ, ಬಾಟಲಿಯೊಳಗೂ ಅದು ನಿಧಾನವಾಗಿ ಆರಿಹೋಗುತ್ತದೆ. ಆಮೇಲೆ ಅದನ್ನು ಕರಗಿಸಲೂ ಆಗದು.

ಹಳೆಯ ಮಾದರಿಯ ಕಡ್ಡಿಗೆ ಈ ಶಾಪವಿಲ್ಲ. ಅದರಲ್ಲಿರುವುದು ಮೇಣ, ಎಣ್ಣೆ, ಬಣ್ಣ. ಎಣ್ಣೆಯಲ್ಲಿ ದೊಡ್ಡ ಪಾಲು ನಮ್ಮ ಹರಳೆಣ್ಣೆಯದು. ಜಗತ್ತಿನ ಹರಳೆಣ್ಣೆಯ ಬಹುಭಾಗ ಭಾರತದಿಂದ, ಅದರಲ್ಲೂ ಗುಜರಾತಿನಿಂದ ಹೋಗುತ್ತದೆ. ನೀರಿನಂಶ ಇಲ್ಲದ್ದರಿಂದ ಕಡ್ಡಿಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಕೆಡುವುದು ಎಣ್ಣೆ, ಅದನ್ನು ಮೂಗೇ ಹೇಳುತ್ತದೆ. ಮುಗ್ಗಲು ಬಂದದ್ದನ್ನು ಎಸೆಯುವುದೇ ಸರಿ, ಯಾವ ಯೋಜನೆಯೂ ಅದನ್ನು ಉಳಿಸದು. ವಾಸನೆ ಸರಿಯಿದ್ದು ಗಟ್ಟಿಯಾಗಿದ್ದರೆ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ ಒಂದು ಹನಿ ಹರಳೆಣ್ಣೆ ಬೆರೆಸಿದರೆ ಮೆತ್ತಗಾಗುತ್ತದೆ. ಬೆರೆಸುವಾಗ ಒಂದೇ ಬಳಗದ ಎರಡು ಬಣ್ಣ ಸಾಕು, ಕಪ್ಪಾಗಿ ಕಾಣುವ ಒಂದಕ್ಕೆ ಪೇಲವವಾದ ಇನ್ನೊಂದು. ಸಿನಿಮಾ ಮೇಕಪ್‌ನವರು ಲಿಪ್‌ಸ್ಟಿಕ್‌ಗಳನ್ನು ಕೊಳವೆಯಿಂದ ಕೆತ್ತಿ ತೆಗೆದು, ಗುಳಿಗಳಿರುವ ತಟ್ಟೆಯಲ್ಲಿ ತುಂಬಿಕೊಂಡು ಬ್ರಷ್ಷಿನಿಂದ ಹಚ್ಚುವುದು ಹಿಂದಿನಿಂದಲೂ ಇದೆ. ಹಾಗೆ ಮಾಡಿದರೆ ತಳದ ಕಾಲು ಭಾಗವೂ ಸಿಗುತ್ತದೆ, ಇರುವ ಬಣ್ಣಗಳೆಲ್ಲ ಒಟ್ಟಿಗೆ ಕಣ್ಣಿಗೂ ಬೀಳುತ್ತವೆ.

ಯಾರ ತುಟಿಗೂ ಒಪ್ಪದ ಗಾಢ ಕಿತ್ತಳೆಗೆಂಪಿಗೂ ಒಂದು ಕೆಲಸವಿದೆ. 2015ರ ಜನವರಿಯಲ್ಲಿ ಭಾರತೀಯ ಮೂಲದ ಅಮೆರಿಕನ್ ದೀಪಿಕಾ ಮುತ್ಯಾಲ ಕಣ್ಣಿನ ಕೆಳಗಿನ ಕಪ್ಪಿನ ಮೇಲೆ ಕೆಂಪು ಲಿಪ್‌ಸ್ಟಿಕ್ ಬಳಿದು, ಮೇಲೆ ಚರ್ಮದ ಬಣ್ಣದ ಕ್ರೀಮು ಸವರಿ ತೋರಿಸಿದ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ನೀಲಿಗಪ್ಪನ್ನು ಕಿತ್ತಳೆಗೆಂಪು ಮುಚ್ಚುತ್ತದೆ ಎಂಬುದು ಮೇಕಪ್ ಕಲಾವಿದರಿಗೆ ಹಳೆಯ ವಿದ್ಯೆ. ಆದರೆ ತಿಳಿ ಚರ್ಮಕ್ಕೆಂದೇ ತಯಾರಾದ ಕನ್ಸೀಲರುಗಳು ಬೂದು ಬಳಿದಂತೆ ಕಾಣುತ್ತಿದ್ದ ಕಂದುಬಣ್ಣದ ಹೆಣ್ಣುಮಕ್ಕಳಿಗೆ ಅದು ಹೊಸ ಸುದ್ದಿಯಾಗಿತ್ತು.

ಕೊಳವೆಯನ್ನು ಉಳಿಸಿಕೊಂಡು ಬಣ್ಣವನ್ನಷ್ಟೇ ತುಂಬಿಸಿಕೊಳ್ಳುವ ಪದ್ಧತಿ ಯುದ್ಧಕಾಲದಲ್ಲಿ ಲೋಹದ ಬರದಿಂದ ರೂಢಿಗೆ ಬಂದಿತ್ತು. ಅದೀಗ ಮರಳಿದೆ. ಪ್ಯಾರಿಸ್ಸಿನ ಎರ್ಮೆಸ್ 2020ರಲ್ಲಿ ತನ್ನ ಮೊದಲ ಲಿಪ್‌ಸ್ಟಿಕ್ ಹೊರತಂದಾಗ, ಒಳಗಿನ ಕಡ್ಡಿ ಮುಗಿದರೆ ಬೇರೆ ಹಾಕಿಕೊಳ್ಳಬಹುದಾದ ಲೋಹದ ಕೊಳವೆಯನ್ನೇ ಅದರ ಹೆಗ್ಗಳಿಕೆಯಾಗಿ ಸಾರಿತು. ಆಗ ಅದರ ಬೆಲೆ 67 ಡಾಲರ್ ಇತ್ತು. ಮೊದಲ ಕಂತಿನಲ್ಲಿ 24 ಬಣ್ಣಗಳಿದ್ದವು. ಅವುಗಳ ಮೇಲೆ ವರ್ಷಕ್ಕೆ ಎರಡು ಸಲ, ಕೆಲವೇ ಕಾಲ ಸಿಗುವ ಹೊಸ ಬಣ್ಣಗಳು ಬರುತ್ತವೆ ಎಂದೂ ಪ್ರಕಟಿಸಿತು.